ಬಾಂಬಿನ ಮಾತುಕತೆಗೆ ಎಣ್ಣೆ ಯಾಕೆ ಬರುತ್ತದೆ?

ಪ್ರಶ್ನೆ: ಇರಾನ್ ಅಣು ಒಪ್ಪಂದದ ಸುದ್ದಿ ಬಂದಾಗಲೆಲ್ಲ ಬೆನ್ನಿಗೇ ಕಚ್ಚಾ ತೈಲದ ಬೆಲೆಯ ಸುದ್ದಿಯೂ ಬರುತ್ತದೆ. ಬಾಂಬಿಗೂ ಎಣ್ಣೆಗೂ ಏನು ಸಂಬಂಧ? ರಷ್ಯಾದ ತೈಲ ಬೇಡ ಅಂದ ಅಮೆರಿಕವೇ ರಷ್ಯಾದಿಂದ ಯುರೇನಿಯಂ ಕೊಳ್ಳುತ್ತಿತ್ತಂತೆ, ಅದು ಹೇಗೆ? ಉತ್ತರ ಕೊರಿಯಾದಂಥ ಬಡ ದೇಶವನ್ನೂ ಯಾಕೆ ತಡೆಯೋಕೆ ಆಗಲಿಲ್ಲ? ಇದರಲ್ಲಿ ತತ್ವ ಅಂತ ಏನಾದರೂ ಇದೆಯಾ, ಅಥವಾ ಎಲ್ಲ ಬರೀ ವ್ಯಾಪಾರವಾ?

ಉತ್ತರ: ನಿಮ್ಮ ಮೊದಲ ಮೂರು ಪ್ರಶ್ನೆಗಳಿಗೆ ಉತ್ತರ ಒಂದೇ ಜಾಗದಲ್ಲಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ದೇಶದ ಇಂಧನ ವ್ಯಾಪಾರಕ್ಕೆ ಬೀಗ ಹಾಕಿ ಅದನ್ನು ಬಗ್ಗಿಸಬೇಕು ಅಂದರೆ, ಬೀಗ ಹಾಕುವವರಿಗೆ ಆ ಇಂಧನ ಬೇರೆ ಕಡೆ ಸಿಗಬೇಕು. ಸಿಕ್ಕರೆ ನಿರ್ಬಂಧ ಬಿಗಿಯಾಗುತ್ತದೆ. ಸಿಗದಿದ್ದರೆ ಭಾಷಣ ಮಾತ್ರ ಜೋರಾಗಿರುತ್ತದೆ, ನಿಯಮದೊಳಗೆ ಸದ್ದಿಲ್ಲದೆ ಕಿಂಡಿಗಳು ಸೇರಿಕೊಳ್ಳುತ್ತವೆ. ಇನ್ನು ಮಾರುವುದಕ್ಕೆ ಹೆಚ್ಚೇನೂ ಇಲ್ಲದ ದೇಶದ ಮೇಲೆ ಈ ಅಸ್ತ್ರ ಅಷ್ಟಾಗಿ ನಡೆಯುವುದೇ ಇಲ್ಲ. ನಾಲ್ಕನೇ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಸ್ವಲ್ಪ ಲೆಕ್ಕ. ಇದು ಗೊತ್ತಿಲ್ಲದಿದ್ದರೆ ಶೇ 3.67, ಶೇ 60 ಅಂತ ಪತ್ರಿಕೆಗಳಲ್ಲಿ ಬರುವುದೆಲ್ಲ ಸುಮ್ನೆ ಅಂಕಿಯಾಗಿ ಉಳಿಯುತ್ತದೆ. ಗಣಿಯಿಂದ ಬಂದ ಯುರೇನಿಯಂನಲ್ಲಿ 1000 ಪರಮಾಣು ಎಣಿಸಿದರೆ ಸುಮಾರು 7 ಮಾತ್ರ ಯುರೇನಿಯಂ-235. ನಮಗೆ ಬೇಕಾದದ್ದು ಅವು. ಮಿಕ್ಕ 993 ಕೆಲಸಕ್ಕೆ ಬಾರದ ಹೊರೆ. ಸೆಂಟ್ರಿಫ್ಯೂಜ್ ಅನ್ನುವ, ಅತಿ ವೇಗವಾಗಿ ತಿರುಗುವ ಯಂತ್ರ ಮಾಡುವುದು ಈ ಹೊರೆ ಇಳಿಸುವ ಕೆಲಸ, ಅದಕ್ಕೇ ಎನ್ರಿಚ್‌ಮೆಂಟ್, ಸಂವರ್ಧನೆ ಅನ್ನುತ್ತಾರೆ. ವಿದ್ಯುತ್ ರಿಯಾಕ್ಟರಿಗೆ ಶೇ 4ರಷ್ಟು ಸಾಕು. ಅಂದರೆ 7 ಪರಮಾಣುಗಳ ಜೊತೆ ಒಟ್ಟು 175 ಉಳಿಯುವ ತನಕ ಹೊರೆ ಇಳಿಸಬೇಕು. 825 ಪರಮಾಣು ಆಚೆ ಹೋದವು. ಶೇ 20ಕ್ಕೆ ಬರಬೇಕಾದರೆ ಒಟ್ಟು 35 ಉಳಿಯಬೇಕು, ಇನ್ನು 140 ತೆಗೆದರಾಯಿತು. ಶೇ 60 ಅಂದರೆ ಒಟ್ಟು 12ರ ಆಸುಪಾಸು. ಬಾಂಬಿಗೆ ಬೇಕಾದ ಶೇ 90 ಅಂದರೆ ಒಟ್ಟು 8. ಅರವತ್ತರಿಂದ ತೊಂಬತ್ತಕ್ಕೆ ಹೋಗೋಕೆ ತೆಗೆಯಬೇಕಾದದ್ದು ನಾಲ್ಕೇ ನಾಲ್ಕು! ನಿಜವಾದ ಲೆಕ್ಕ ಇಷ್ಟು ಸರಳ ಅಲ್ಲ, ಒಂದಷ್ಟು 235 ಕೂಡ ಕಸದ ಜೊತೆ ಹೋಗುತ್ತದೆ. ಆದರೂ ವಿಷಯ ಇಷ್ಟೇ: ಶ್ರಮದ ಬಹುಪಾಲು 'ಶಾಂತಿಯುತ' ಅನ್ನಿಸಿಕೊಳ್ಳುವ ಹಂತದಲ್ಲೇ ಮುಗಿದಿರುತ್ತದೆ.

ಹಾಗಾಗಿ ರಾಜತಾಂತ್ರಿಕರು ನಿಜವಾಗಿ ಚೌಕಾಶಿ ಮಾಡುವುದು ಬಾಂಬಿನ ಮೇಲಲ್ಲ, ಕಾಲದ ಮೇಲೆ. ಇರಾನ್ ಇವತ್ತು ಮನಸ್ಸು ಮಾಡಿದರೆ ಒಂದು ಬಾಂಬಿಗೆ ಬೇಕಾದ ಸರಕು ತಯಾರಾಗೋಕೆ ಎಷ್ಟು ವಾರ? ಅಮೆರಿಕ ಮತ್ತಿತರ ದೊಡ್ಡ ದೇಶಗಳು ಇರಾನಿನ ಜೊತೆ ಮಾಡಿಕೊಂಡ 2015ರ ಅಣು ಒಪ್ಪಂದಕ್ಕೆ ಮುಂಚೆ ಎರಡು ಮೂರು ತಿಂಗಳು ಅಂತ ಅಮೆರಿಕದ ಅಂದಾಜಿತ್ತು. ಒಪ್ಪಂದ ಅದನ್ನು ಒಂದು ವರ್ಷಕ್ಕೆ ಎಳೆಯಿತು. ಈ ಕಾಲವನ್ನು ಇರಾನ್ ಪುಕ್ಕಟೆ ಕೊಡುತ್ತದಾ? ಇಲ್ಲ. ಅದಕ್ಕೆ ಬೆಲೆ ಬೇಕು, ಆ ಬೆಲೆಯನ್ನು ಎಣ್ಣೆಯಲ್ಲಿ ಕಟ್ಟಿದರು. ಬಾಂಬಿಗೂ ಎಣ್ಣೆಗೂ ಗಂಟು ಬಿದ್ದದ್ದು ಅಲ್ಲಿ.

ಆ ಗಂಟು ಹಾಕಿದ ಬಗೆ ಸ್ವಲ್ಪ ಹತ್ತಿರದಿಂದ ನೋಡುವಂಥದ್ದು. 2011ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕ ಒಂದು ಕಾನೂನು ತಂದಿತು. ಇರಾನಿನ ಕೇಂದ್ರ ಬ್ಯಾಂಕಿನ ಜೊತೆ ತೈಲದ ವ್ಯವಹಾರ ಮಾಡುವ ಯಾವ ದೇಶದ ಬ್ಯಾಂಕಾದರೂ ಅಮೆರಿಕದ ಬ್ಯಾಂಕಿಂಗ್ ವ್ಯವಸ್ಥೆಯಿಂದ ಹೊರಗೆ ಹೋಗಬೇಕಾಗಬಹುದು ಅಂತ. ಆದರೆ ಅದರಲ್ಲೇ ಎರಡು ಕಿಂಡಿ ಇಟ್ಟರು. ಒಂದು, ಇರಾನಿನ ತೈಲ ಇಲ್ಲದೆಯೂ ಮಾರುಕಟ್ಟೆಯಲ್ಲಿ ಸಾಕಷ್ಟು ತೈಲ ಇದೆಯಾ ಅಂತ ಅಧ್ಯಕ್ಷರು ಆಗಾಗ ನೋಡಿ ಹೇಳಬೇಕು. ಇನ್ನೊಂದು, ಯಾವ ದೇಶ ತನ್ನ ಖರೀದಿಯನ್ನು ಗಣನೀಯವಾಗಿ ಇಳಿಸುತ್ತದೋ ಅದಕ್ಕೆ 180 ದಿನಗಳ ವಿನಾಯಿತಿ. ಇಳಿಸುತ್ತಾ ಹೋಗು, ವಿನಾಯಿತಿ ತಗೊಳ್ಳುತ್ತಾ ಹೋಗು. ಒಂದೇ ಏಟಿಗೆ ಇರಾನಿನ ತೈಲ ನಿಲ್ಲಿಸಿದ್ದರೆ ಬೆಲೆ ಆಕಾಶಕ್ಕೆ ಹೋಗಿ ಅಮೆರಿಕದ ಮತದಾರನೇ ಮೊದಲು ಕೂಗುತ್ತಿದ್ದ, ಅಲ್ವಾ? ಅದಕ್ಕೇ ಈ ನಿಧಾನ.

2012ರ ಜುಲೈನಿಂದ ಯುರೋಪ್ ಖರೀದಿ ಪೂರ್ತಿ ನಿಲ್ಲಿಸಿತು. 2011ರಲ್ಲಿ ದಿನಕ್ಕೆ 25 ಲಕ್ಷ ಬ್ಯಾರೆಲ್ ಹತ್ತಿರ ಇದ್ದ ಇರಾನಿನ ರಫ್ತು 2013ರ ಹೊತ್ತಿಗೆ ಅರ್ಧಕ್ಕಿಂತ ಕೆಳಗಿಳಿಯಿತು. ಆದರೂ ಬೆಲೆ ಹಾರಲಿಲ್ಲ. ಯಾಕೆಂದರೆ ಅದೇ ಸಮಯಕ್ಕೆ ಅಮೆರಿಕದ ಶೇಲ್ ತೈಲ, ಅಂದರೆ ಬಂಡೆಯ ಪದರ ಒಡೆದು ತೆಗೆಯುವ ತೈಲ, ವರ್ಷದಿಂದ ವರ್ಷಕ್ಕೆ ಸುಮಾರು 10 ಲಕ್ಷ ಬ್ಯಾರೆಲ್ ಏರುತ್ತಿತ್ತು. ಟೆಕ್ಸಸ್‌ನ ಬಾವಿಗಳಿಲ್ಲದೆ ಇರಾನ್ ಜೊತೆಗಿನ ಜಿನೀವಾ ಮಾತುಕತೆಯ ಮೇಜೂ ಇರುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ರಾಜತಾಂತ್ರಿಕರ ಚಾಣಾಕ್ಷತನದ ಬಗ್ಗೆ ಬರೆಯುವವರು ಇದನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ.

ಇನ್ನೊಂದು ಕಡೆ ಹಣಕ್ಕೂ ಬೀಗ ಬಿತ್ತು. 2013ರ ಫೆಬ್ರುವರಿಯಿಂದ, ಇರಾನ್ ಮಾರಿದ ತೈಲದ ದುಡ್ಡು ಕೊಂಡ ದೇಶದ ಬ್ಯಾಂಕಿನಲ್ಲೇ ಇರಬೇಕು, ಆ ದೇಶದ ಸರಕು ಕೊಳ್ಳೋಕೆ ಮಾತ್ರ ಬಳಸಬಹುದು ಅಂತಾಯಿತು. ಭಾರತ ಕೊಟ್ಟ ದುಡ್ಡಿನ ಒಂದು ಭಾಗ ರೂಪಾಯಿಯಲ್ಲಿ ಯುಕೋ ಬ್ಯಾಂಕಿನಲ್ಲಿ ಕೂತಿತು. ಇರಾನ್ ಅದರಲ್ಲಿ ಅಕ್ಕಿ, ಚಹಾ, ಔಷಧಿ ತರಿಸಿಕೊಳ್ಳಬೇಕಾಯಿತು. ದುಡ್ಡು ಇದೆ, ಕೈಗೆ ಬರುವುದಿಲ್ಲ. 2013ರ ನವೆಂಬರ್ 24ರಂದು ಜಿನೀವಾದಲ್ಲಿ ಆದ ಮಧ್ಯಂತರ ಒಪ್ಪಂದ ನೋಡಿ: ಹೀಗೆ ಸಿಕ್ಕಿಹಾಕಿಕೊಂಡ ಹಣದಲ್ಲಿ 420 ಕೋಟಿ ಡಾಲರ್ ಬಿಡುಗಡೆ, ಅದೂ ಕಂತಿನಲ್ಲಿ. ಮೊದಲ ಕಂತು 2014ರ ಫೆಬ್ರುವರಿ 1ರಂದು, 55 ಕೋಟಿ ಡಾಲರ್. ಮುಂದಿನ ಕೆಲವು ಕಂತುಗಳಿಗೆ ಷರತ್ತು ಏನೆಂದರೆ, ಇರಾನ್ ತನ್ನ ಶೇ 20ರ ದಾಸ್ತಾನಿನಲ್ಲಿ ಇಷ್ಟು ಪಾಲನ್ನು ತೆಳು ಮಾಡಿದೆ, ಅಂದರೆ ಅದರಲ್ಲಿ 235ರ ಪ್ರಮಾಣ ಇಳಿಸಿದೆ ಅಂತ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ಅಂದರೆ ಐಎಇಎ, ಕಣ್ಣಾರೆ ನೋಡಿ ಹೇಳಬೇಕು. ಇಷ್ಟು ಯುರೇನಿಯಂ ತೆಳುವಾಯಿತು, ಇಷ್ಟು ಡಾಲರ್ ಬಂತು.

2015ರ ಜುಲೈ 14ರಂದು ವಿಯೆನ್ನಾದಲ್ಲಿ ಪೂರ್ಣ ಒಪ್ಪಂದವಾಯಿತು. ಇರಾನಿನ ನತಾಂಜ್ ಸಂವರ್ಧನಾ ಘಟಕದಲ್ಲಿ 5060 ಹಳೆಯ ಸೆಂಟ್ರಿಫ್ಯೂಜ್ ಮಾತ್ರ ತಿರುಗಬೇಕು, ಶೇ 3.67 ದಾಟಬಾರದು, ದಾಸ್ತಾನು 300 ಕಿಲೋ ಮೀರಬಾರದು. ಆ ಡಿಸೆಂಬರ್‌ನಲ್ಲಿ ಸುಮಾರು 11 ಟನ್ ಸರಕು ಹಡಗು ಹತ್ತಿ ರಷ್ಯಾಕ್ಕೆ ಹೋಯಿತು.

ಇಲ್ಲಿ ಒಂದು ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಇರಾನಿಗೆ ವಿದ್ಯುತ್ತೇ ಬೇಕಿದ್ದರೆ ಇಂಧನ ಹೊರಗಿನಿಂದ ಕೊಳ್ಳಬಹುದಲ್ಲ, ತಾನೇ ಯಾಕೆ ಸಂವರ್ಧನೆ ಮಾಡಬೇಕು? ಸಂಶಯ ನ್ಯಾಯವಾದದ್ದೇ. ಆದರೆ ಇರಾನಿನ ಬಳಿ ಇದಕ್ಕೊಂದು ಹಳೆಯ ಕಥೆ ಇದೆ, ಅದು ಕಟ್ಟುಕಥೆಯಲ್ಲ. 1970ರ ದಶಕದಲ್ಲಿ ದೊರೆ ಶಾ ಆಳುತ್ತಿದ್ದಾಗ ಫ್ರಾನ್ಸ್‌ನ ಯುರೋಡಿಫ್ ಸಂವರ್ಧನಾ ಘಟಕಕ್ಕೆ ಇರಾನ್ 100 ಕೋಟಿ ಡಾಲರ್ ಸಾಲ ಕೊಟ್ಟು ಶೇ 10ರಷ್ಟು ಪಾಲು ಪಡೆದಿತ್ತು. 1979ರಲ್ಲಿ ಕ್ರಾಂತಿಯಾಯಿತು. ಪಾಲು ಇತ್ತು, ಇಂಧನ ಬರಲಿಲ್ಲ. ದುಡ್ಡಿನ ಜಗಳ ಮುಗಿದದ್ದು 1991ರಲ್ಲಿ. ಟೆಹರಾನ್‌ನಿಂದ ಬಂದ ಪ್ರತಿನಿಧಿ 'ಹೊರಗಿನವರ ಇಂಧನ ನಂಬಲ್ಲ' ಅಂದಾಗ ಎದುರು ಕೂತ ಫ್ರೆಂಚರಿಗೆ ಅದರ ಹಿನ್ನೆಲೆ ಚೆನ್ನಾಗಿಯೇ ಗೊತ್ತಿರುತ್ತದೆ. ಹಾಗಂತ ಶೇ 60ರ ಯುರೇನಿಯಂಗೆ ಈ ಕಥೆ ಸಮರ್ಥನೆ ಆಗುವುದಿಲ್ಲ. ಯಾವ ವಿದ್ಯುತ್ ಸ್ಥಾವರಕ್ಕೂ ಅದು ಬೇಕಿಲ್ಲ.

2018ರ ಮೇ 8ರಂದು ಟ್ರಂಪ್ ಒಪ್ಪಂದ ಬಿಟ್ಟು ಹೊರಬಂದರು. ತೈಲದ ನಿರ್ಬಂಧ ಮರಳಿ ಜಾರಿಗೆ ಬಂದದ್ದು ನವೆಂಬರ್ 5ಕ್ಕೆ, ಅಮೆರಿಕದ ಮಧ್ಯಂತರ ಚುನಾವಣೆಯ ಹಿಂದಿನ ದಿನ. ಅಕ್ಟೋಬರ್‌ನಲ್ಲಿ ಬ್ರೆಂಟ್, ಅಂದರೆ ಜಗತ್ತು ಅಳತೆಗೋಲಾಗಿ ನೋಡುವ ಕಚ್ಚಾ ತೈಲದ ಬೆಲೆ, ಬ್ಯಾರೆಲಿಗೆ 80 ಡಾಲರ್ ದಾಟಿತ್ತು. ಏನು ಮಾಡಿದರು ಗೊತ್ತಾ? 'ರಫ್ತನ್ನು ಸೊನ್ನೆಗೆ ಇಳಿಸುತ್ತೇವೆ' ಅಂತ ತಿಂಗಳುಗಟ್ಟಲೆ ಹೇಳಿದವರೇ ಚೀನಾ, ಭಾರತ, ಜಪಾನ್, ಟರ್ಕಿ ಸೇರಿದಂತೆ ಎಂಟು ಖರೀದಿದಾರರಿಗೆ ವಿನಾಯಿತಿ ಕೊಟ್ಟರು. ಬೆಲೆ ಬಿತ್ತು. 2019ರ ಮೇನಲ್ಲಿ ವಿನಾಯಿತಿ ತೆಗೆದರು, ಭಾರತ ಖರೀದಿ ನಿಲ್ಲಿಸಿತು. ಜುಲೈ ಹೊತ್ತಿಗೆ ಇರಾನ್ 300 ಕಿಲೋ ಮಿತಿ ದಾಟಿತು. ಸೆಪ್ಟೆಂಬರ್ 14ರಂದು ಸೌದಿಯ ಅಬ್‌ಕೈಕ್ ತೈಲ ಘಟಕದ ಮೇಲೆ ದಾಳಿಯಾಗಿ ಆ ದೇಶದ ಅರ್ಧದಷ್ಟು ಉತ್ಪಾದನೆ ಕೆಲದಿನ ನಿಂತಿತು. ದಾಳಿ ನಮ್ಮದು ಅಂತ ಯೆಮನ್‌ನ ಹೌತಿ ಬಂಡುಕೋರರು ಹೇಳಿದರು, ಅಮೆರಿಕ ಮತ್ತು ಸೌದಿ ಇರಾನಿನತ್ತ ಬೆರಳು ತೋರಿಸಿದವು, ಇರಾನ್ ನಿರಾಕರಿಸಿತು. ಯಾರು ಮಾಡಿದ್ದರೂ ಸಂದೇಶ ತಲುಪಿತ್ತು: ಒಬ್ಬರ ತೈಲಕ್ಕೆ ತಡೆ ಬಿದ್ದರೆ ಪಕ್ಕದವರ ತೈಲವೂ ಸುರಕ್ಷಿತವಲ್ಲ.

ಒಪ್ಪಂದ ಬಿಟ್ಟದ್ದು ಕೆಟ್ಟ ಲೆಕ್ಕ ಅಂತಲೇ ನಾನು ಹೇಳುತ್ತೇನೆ. ಅದು ಪರಿಪೂರ್ಣ ಒಪ್ಪಂದವೇನಲ್ಲ. ಮಿತಿಗಳಿಗೆ ಕೊನೆಯ ದಿನಾಂಕ ಇತ್ತು, ಕ್ಷಿಪಣಿಗಳ ಮಾತೇ ಇರಲಿಲ್ಲ. ಆದರೆ ಆಮೇಲೆ ಸಿಕ್ಕಿದ್ದೇನು? 2021ರ ಏಪ್ರಿಲ್‌ನಲ್ಲಿ ಇರಾನ್ ಶೇ 60ಕ್ಕೆ ಹೋಯಿತು. ತೈಲಕ್ಕೂ ಹೊಸ ದಾರಿ ಹುಡುಕಿಕೊಂಡಿತು. ಮಲೇಷ್ಯಾದ ಹತ್ತಿರ ಸಮುದ್ರದಲ್ಲೇ ಹಡಗಿನಿಂದ ಹಡಗಿಗೆ ಸಾಗಿಸಿ, ಕಾಗದದಲ್ಲಿ ಮೂಲ ಬದಲಿಸಿ, ಚೀನಾದ ಶಾಂಡಾಂಗ್ ಪ್ರಾಂತ್ಯದ ಸಣ್ಣ ಖಾಸಗಿ ಸಂಸ್ಕರಣಾಗಾರಗಳಿಗೆ ರಿಯಾಯಿತಿ ದರದಲ್ಲಿ ಮಾರುವ ದಾರಿ. ಕೆಲವೇ ವರ್ಷಗಳಲ್ಲಿ ಇರಾನಿನ ರಫ್ತಿನ ಶೇ 90ರಷ್ಟು ಚೀನಾದ ಪಾಲಾಯಿತು. ಈ ಸಣ್ಣ ಸಂಸ್ಕರಣಾಗಾರಗಳಿಗೆ ಅಮೆರಿಕದಲ್ಲಿ ವ್ಯವಹಾರ ಕಡಿಮೆ, ಹಾಗಾಗಿ ಭಯವೂ ಕಡಿಮೆ. 2012ರಲ್ಲಿ ಐದಾರು ದೊಡ್ಡ ಖರೀದಿದಾರರನ್ನು ಕೂರಿಸಿಕೊಂಡು ಮಾತಾಡಿದ್ದರೆ ಕೆಲಸ ಆಗುತ್ತಿತ್ತು. ಈಗ ಯಾರ ಹತ್ತಿರ ಮಾತಾಡುವುದು?

2025ರ ಜೂನ್ 13ಕ್ಕೆ ಇಸ್ರೇಲ್ ದಾಳಿ ಶುರುಮಾಡಿತು, 22ರಂದು ಅಮೆರಿಕ ಫೋರ್ಡೊ, ನತಾಂಜ್, ಇಸ್ಫಹಾನ್ ಅಣು ಘಟಕಗಳ ಮೇಲೆ ಬಾಂಬ್ ಹಾಕಿತು. ಆ ಹೊತ್ತಿಗೆ ಇರಾನಿನ ಬಳಿ ಶೇ 60ರ ಯುರೇನಿಯಂ 440 ಕಿಲೋ ಇತ್ತು ಅನ್ನುವುದು ಐಎಇಎ ಅಂದಾಜು. ಮರುದಿನ ನಡೆದದ್ದು ನಿಮ್ಮ ಪ್ರಶ್ನೆಗೆ ನೇರ ಉತ್ತರ. ಜೂನ್ 23ರಂದು ಇರಾನ್ ಕತಾರ್‌ನ ಅಲ್ ಉದೈದ್‌ನಲ್ಲಿರುವ ಅಮೆರಿಕದ ಸೇನಾ ನೆಲೆಯ ಮೇಲೆ ಕ್ಷಿಪಣಿ ಹಾರಿಸಿತು, ಮುಂಚೆಯೇ ಸೂಚನೆ ಕೊಟ್ಟು. ಕ್ಷಿಪಣಿ ಹಾರಿದ ದಿನ ತೈಲದ ಬೆಲೆ ಏರಬೇಕಲ್ಲ? ಶೇ 7ರಷ್ಟು ಇಳಿಯಿತು! ಮಾರುಕಟ್ಟೆ ಹೆದರಿದ್ದು ಸೇನಾ ನೆಲೆಯ ಬಗ್ಗೆ ಅಲ್ಲ, ಕೊಲ್ಲಿ ದೇಶಗಳ ತೈಲದ ಹಡಗುಗಳು ಹೊರಬರುವ ಹಾರ್ಮುಜ್ ಜಲಸಂಧಿಯ ಬಗ್ಗೆ. 2024ರಲ್ಲಿ ದಿನಕ್ಕೆ ಸುಮಾರು 2 ಕೋಟಿ ಬ್ಯಾರೆಲ್, ಅಂದರೆ ಜಗತ್ತಿನ ಬಳಕೆಯ ಐದನೇ ಒಂದು ಭಾಗ, ಅಲ್ಲಿಂದ ಹೋಗುತ್ತಿತ್ತು. ಇರಾನ್ ಏಟು ಕೊಟ್ಟು ಲೆಕ್ಕ ಚುಕ್ತಾ ಮಾಡಿತು, ಜಲಸಂಧಿಗೆ ಕೈ ಹಾಕಲಿಲ್ಲ ಅಂತ ವ್ಯಾಪಾರಿಗಳು ಕೂಡಲೇ ಓದಿಕೊಂಡರು. ವಿದೇಶಾಂಗ ಇಲಾಖೆಗಳ ಹೇಳಿಕೆಗಳು ಬರುವಷ್ಟರಲ್ಲಿ ಬೆಲೆಯ ಪಟ್ಟಿ ವಿಷಯ ಹೇಳಿ ಮುಗಿಸಿತ್ತು.

ಇನ್ನು ರಷ್ಯಾ. 2022ರ ಫೆಬ್ರುವರಿ 24ಕ್ಕೆ ಉಕ್ರೇನ್ ಮೇಲೆ ಆಕ್ರಮಣವಾಯಿತು. ಮಾರ್ಚ್ 8ಕ್ಕೆ, ಎರಡೇ ವಾರದಲ್ಲಿ, ಅಮೆರಿಕ ರಷ್ಯಾದ ತೈಲವನ್ನು ನಿಷೇಧಿಸಿತು. ಯುರೇನಿಯಂ ನಿಷೇಧದ ಕಾನೂನಿಗೆ ಸಹಿ ಬಿದ್ದದ್ದು 2024ರ ಮೇನಲ್ಲಿ. ಎರಡು ವರ್ಷಕ್ಕೂ ಜಾಸ್ತಿ! ಅದರಲ್ಲೂ ಬೇರೆ ದಾರಿ ಇಲ್ಲದವರಿಗೆ 2028ರ ಜನವರಿ 1ರವರೆಗೆ ವಿನಾಯಿತಿ. ಕಾರಣ ಸರಳ. ಅಮೆರಿಕ ಆಮದು ಮಾಡುತ್ತಿದ್ದ ತೈಲದಲ್ಲಿ ರಷ್ಯಾದ ಪಾಲು ಶೇ 8ರಷ್ಟಿತ್ತು, ಅದರ ರಿಯಾಕ್ಟರುಗಳ ಸಂವರ್ಧಿತ ಯುರೇನಿಯಂನಲ್ಲಿ ಮಾತ್ರ ಕಾಲು ಭಾಗದ ಹತ್ತಿರ. ಜಗತ್ತಿನ ಸಂವರ್ಧನಾ ಸಾಮರ್ಥ್ಯದ ಶೇ 40ಕ್ಕಿಂತ ಹೆಚ್ಚು ರಷ್ಯಾದ ಕೈಯಲ್ಲಿದೆ.

ಬಾಂಬ್ ಕಂಡುಹಿಡಿದ ದೇಶಕ್ಕೆ ಈ ಗತಿ ಹೇಗೆ ಬಂತು ಅಂದರೆ, ಒಂದು ಒಳ್ಳೆಯ ಕೆಲಸದಿಂದ ಬಂತು. 1993ರಲ್ಲಿ ಎರಡೂ ದೇಶ ಸೇರಿ ಒಂದು ವ್ಯವಸ್ಥೆ ಮಾಡಿಕೊಂಡವು. ರಷ್ಯಾ ತನ್ನ ಸಿಡಿತಲೆಗಳಿಂದ ತೆಗೆದ 500 ಟನ್ ಬಾಂಬ್ ದರ್ಜೆಯ ಯುರೇನಿಯಂ ಅನ್ನು ತೆಳು ಮಾಡಿ ಕೊಡುವುದು, ಅಮೆರಿಕ ಅದನ್ನು ರಿಯಾಕ್ಟರ್ ಇಂಧನವಾಗಿ ಕೊಳ್ಳುವುದು. 2013ರವರೆಗೆ ನಡೆಯಿತು. 20,000 ಸಿಡಿತಲೆಗಳಷ್ಟು ಸರಕು ಕರೆಂಟಾಗಿ ಉರಿಯಿತು. ಒಂದು ಕಾಲಕ್ಕೆ ಅಮೆರಿಕದ ವಿದ್ಯುತ್ತಿನಲ್ಲಿ ಶೇ 10ರಷ್ಟು ಇದರಿಂದಲೇ. ಶಸ್ತ್ರ ಕಡಿತದ ಇತಿಹಾಸದಲ್ಲಿ ಇದಕ್ಕಿಂತ ಗಟ್ಟಿ ಕೆಲಸ ನನಗೆ ಕಾಣುವುದಿಲ್ಲ. ಆದರೆ ಅಗ್ಗದ ಇಂಧನ ಇಪ್ಪತ್ತು ವರ್ಷ ಬರುತ್ತಿದ್ದರೆ ಸ್ವಂತ ಘಟಕಕ್ಕೆ ದುಡ್ಡು ಹಾಕುವವರು ಯಾರು? ಕೆಂಟಕಿಯ ಪಡೂಕಾ ಘಟಕ 2013ರಲ್ಲಿ ಮುಚ್ಚಿತು. ದೊಡ್ಡ ಪ್ರಮಾಣದಲ್ಲಿ ಉಳಿದದ್ದು ನ್ಯೂ ಮೆಕ್ಸಿಕೊದ ಒಂದೇ ಘಟಕ, ಅದರ ಒಡೆತನವೂ ಯುರೋಪಿನ ಯುರೆಂಕೊ ಕಂಪನಿಯದು.

ಯುರೋಪಿನ ಕಥೆ ಇನ್ನೂ ಚೆನ್ನಾಗಿದೆ. ಸೋವಿಯತ್ ವಿನ್ಯಾಸದ ವಿವಿಇಆರ್ ರಿಯಾಕ್ಟರುಗಳಿಗೆ ಆರು ಮೂಲೆಯ ಇಂಧನದ ಕಟ್ಟು ಬೇಕು, ಪಾಶ್ಚಾತ್ಯ ವಿನ್ಯಾಸದ್ದು ಚೌಕ. ಅಂಗಡಿ ಬದಲಿಸಿದಷ್ಟು ಸುಲಭವಾಗಿ ಸರಬರಾಜುದಾರರನ್ನು ಬದಲಿಸೋಕೆ ಆಗಲ್ಲ. ಪರೀಕ್ಷೆ, ಪರವಾನಗಿ ಅಂತ ವರ್ಷಗಳೇ ಬೇಕು. ಯುದ್ಧ ಶುರುವಾದ ವಾರವೇ ಯುರೋಪ್ ರಷ್ಯಾದ ವಿಮಾನಗಳಿಗೆ ಆಕಾಶ ಮುಚ್ಚಿತು. ಮಾರ್ಚ್ 1ರಂದು ರಷ್ಯಾದ ಒಂದು ಇಲ್ಯೂಷಿನ್ ಸರಕು ವಿಮಾನ ವಿಶೇಷ ಅನುಮತಿ ಪಡೆದು ಸ್ಲೊವಾಕಿಯಾದಲ್ಲಿ ಇಳಿಯಿತು. ಒಳಗಿದ್ದದ್ದು ಅಣು ಇಂಧನ. ಇತ್ತ ಉಕ್ರೇನ್ ಮಾತ್ರ ತನ್ನ ರಿಯಾಕ್ಟರುಗಳಿಗೆ ಸ್ವೀಡನ್‌ನ ವೆಸ್ಟರೋಸ್‌ನಲ್ಲಿ ವೆಸ್ಟಿಂಗ್‌ಹೌಸ್ ತಯಾರಿಸುವ ಇಂಧನವನ್ನು ಯುದ್ಧಕ್ಕೆ ಎಷ್ಟೋ ವರ್ಷ ಮುಂಚೆಯೇ ಬಳಸಿ ನೋಡಲು ಶುರುಮಾಡಿತ್ತು. ಹಾಗಾಗಿ ಯುದ್ಧ ಬಂದಾಗ ಅದಕ್ಕೆ ರಷ್ಯಾವನ್ನು ಬಿಡೋಕೆ ಆಯಿತು.

ಉತ್ತರ ಕೊರಿಯಾದ್ದು ಉಲ್ಟಾ ಲೆಕ್ಕ. ಅದಕ್ಕೆ ಮಾರುವುದಕ್ಕೆ ತೈಲ ಇಲ್ಲ, ಕೊಳ್ಳುವುದೇ ಎಲ್ಲ. ಅದಕ್ಕೇ 1994ರ ಅಕ್ಟೋಬರ್ ಒಪ್ಪಂದದಲ್ಲಿ ಇಂಧನವನ್ನೇ ಬೆಲೆಯಾಗಿ ಇಟ್ಟರು. ಬಾಂಬಿನ ಇನ್ನೊಂದು ಸರಕಾದ ಪ್ಲುಟೋನಿಯಂ ಕೊಡುವ ಯೊಂಗ್ಬ್ಯೊನ್ ರಿಯಾಕ್ಟರ್ ನಿಲ್ಲಿಸಿದರೆ ಒಟ್ಟು 2000 ಮೆಗಾವಾಟ್‌ನ ಎರಡು ರಿಯಾಕ್ಟರ್, ಅವು ಕಟ್ಟಿ ಮುಗಿಯುವ ತನಕ ವರ್ಷಕ್ಕೆ 5 ಲಕ್ಷ ಟನ್ ಇಂಧನ ತೈಲ. ರಿಯಾಕ್ಟರುಗಳ ಗುರಿ 2003. ಕೆಲಸ ಕುಂಟುತ್ತಾ ಸಾಗಿತು, ತೈಲದ ಹಡಗುಗಳೂ ತಡವಾಗುತ್ತಿದ್ದವು, ಯಾಕೆಂದರೆ ದುಡ್ಡಿಗೆ ಅಮೆರಿಕದ ಸಂಸತ್ತು ಪ್ರತಿ ಸಲ ತಕರಾರು ಮಾಡುತ್ತಿತ್ತು. ಉತ್ತರ ಕೊರಿಯಾವೂ ಸುಮ್ಮನಿರಲಿಲ್ಲ, ಒಳಗೊಳಗೇ ಸಂವರ್ಧನೆಯ ಹಾದಿ ಹಿಡಿದಿತ್ತು. 2002ರ ಕೊನೆಗೆ ತೈಲ ನಿಂತಿತು, 2003ರ ಜನವರಿಯಲ್ಲಿ ಅದು ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದಿಂದ ಹೊರನಡೆಯುತ್ತೇನೆ ಅಂದಿತು, 2006ರ ಅಕ್ಟೋಬರ್ 9ಕ್ಕೆ ಬಾಂಬ್ ಸಿಡಿಸಿತು. ಆಮೇಲೆ ಎಷ್ಟು ನಿರ್ಬಂಧ ಹಾಕಿದರೂ ಗಡಿಯಾಚೆಯಿಂದ ಚೀನಾದ ತೈಲ ಹೋಗುತ್ತಲೇ ಇದೆ. ಪಕ್ಕದ ಮನೆ ಕುಸಿದು ಬೀಳುವುದು ಚೀನಾಕ್ಕೆ ಬೇಡ.

ಈಗ ತತ್ವದ ಪ್ರಶ್ನೆ. 2005ರ ಜೂನ್‌ನಲ್ಲಿ ಭಾರತ ಇರಾನಿನಿಂದ 25 ವರ್ಷ ದ್ರವೀಕೃತ ಅನಿಲ ಕೊಳ್ಳುವ ಒಪ್ಪಂದ ಮಾಡಿಕೊಂಡಿತು, ಪಾಕಿಸ್ತಾನದ ಮೂಲಕ ಪೈಪ್‌ಲೈನ್ ತರುವ ಮಾತೂ ನಡೆದಿತ್ತು. ಜುಲೈ 18ರಂದು ವಾಷಿಂಗ್ಟನ್‌ನಲ್ಲಿ ಮನಮೋಹನ್ ಸಿಂಗ್ ಮತ್ತು ಬುಷ್ ನಾಗರಿಕ ಅಣು ಸಹಕಾರ ಘೋಷಿಸಿದರು. ಸೆಪ್ಟೆಂಬರ್ 24ರಂದು ವಿಯೆನ್ನಾದ ಐಎಇಎ ಮಂಡಳಿಯಲ್ಲಿ ಇರಾನ್ ವಿರುದ್ಧದ ನಿರ್ಣಯಕ್ಕೆ ಮತ ಹಾಕುವಾಗ 12 ದೇಶಗಳು ತಟಸ್ಥವಾಗಿ ಉಳಿದವು. ಭಾರತ ಉಳಿಯಲಿಲ್ಲ, ನಿರ್ಣಯದ ಪರ ಮತ ಹಾಕಿತು. ಆ ಅನಿಲ ಬರಲೇ ಇಲ್ಲ, ಪೈಪ್‌ಲೈನ್ ಮಾತುಕತೆಯಿಂದ ಭಾರತ 2009ರ ಹೊತ್ತಿಗೆ ಹೊರಗೆ ಬಂತು. 2008ರ ಸೆಪ್ಟೆಂಬರ್ 6ರಂದು ಅಣು ಸರಕು ಮಾರುವ ದೇಶಗಳ ಕೂಟವಾದ ಪರಮಾಣು ಪೂರೈಕೆದಾರರ ಗುಂಪು ತನ್ನ ಮಾರಾಟದ ನಿಯಮದಿಂದ ಭಾರತಕ್ಕೆ ವಿನಾಯಿತಿ ಕೊಟ್ಟಿತು, ಯುರೇನಿಯಂ ಇಲ್ಲದೆ ಅರ್ಧ ಸಾಮರ್ಥ್ಯದಲ್ಲಿ ಓಡುತ್ತಿದ್ದ ರಿಯಾಕ್ಟರುಗಳಿಗೆ ಇಂಧನ ಬಂತು.

ಇದನ್ನು ಬರೀ ವ್ಯಾಪಾರ ಅನ್ನಬಹುದಾ? ಇರಾನಿಗೆ ಸೆಂಟ್ರಿಫ್ಯೂಜ್ ವಿನ್ಯಾಸ ಸಿಕ್ಕಿದ್ದು ಅಣು ತಂತ್ರಜ್ಞಾನವನ್ನು ಗುಟ್ಟಾಗಿ ಮಾರುತ್ತಿದ್ದ ಪಾಕಿಸ್ತಾನದ ಎ.ಕ್ಯೂ. ಖಾನ್ ಜಾಲದಿಂದ. ಆ ಜಾಲ ಬಯಲಾಗಬೇಕು ಅನ್ನುವುದರಲ್ಲಿ ಭಾರತಕ್ಕೆ ತನ್ನದೇ ಸ್ವಾರ್ಥ ಇತ್ತು, ಇನ್ನೊಂದು ಅಣ್ವಸ್ತ್ರ ದೇಶ ಹತ್ತಿರದಲ್ಲಿ ಬೇಡ ಅನ್ನುವುದೂ ನಿಜವೇ. ತತ್ವ ಇತ್ತು, ಆದರೆ ಆ ವಾರವೇ ಅಷ್ಟು ಗಟ್ಟಿಯಾಗಿ ಕೈ ಎತ್ತಲು ಕಾರಣ ಯುರೇನಿಯಂ. ನಾನು ಓದಿಕೊಳ್ಳುವುದು ಹಾಗೆ. ಬೇರೆ ಥರ ವಾದಿಸುವವರೂ ಇದ್ದಾರೆ.

ನೀವು ಕೇಳದ ಒಂದು ದೇಶದ ಬಗ್ಗೆಯೂ ಹೇಳಬೇಕು. 2009ರಲ್ಲಿ ಅಮೆರಿಕದ ಜೊತೆ ಅಣು ಒಪ್ಪಂದ ಮಾಡಿಕೊಂಡಾಗ ಯುಎಇ ತನ್ನ ನೆಲದಲ್ಲಿ ಸಂವರ್ಧನೆ ಮಾಡುವುದಿಲ್ಲ ಅಂತ ಬರೆದುಕೊಟ್ಟಿತು. ದಕ್ಷಿಣ ಕೊರಿಯಾದವರು ಬರಾಕಾದಲ್ಲಿ ನಾಲ್ಕು ರಿಯಾಕ್ಟರ್ ಕಟ್ಟಿಕೊಟ್ಟರು. ಸೌದಿ ಅರೇಬಿಯಾ ಮಾತ್ರ ಅಂಥ ಬರಹಕ್ಕೆ ವರ್ಷಗಟ್ಟಲೆ ಒಪ್ಪಲಿಲ್ಲ. ಇರಾನ್ ಬಾಂಬ್ ಮಾಡಿದರೆ ನಾವೂ ಮಾಡುತ್ತೇವೆ ಅಂತ ಅದರ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್ 2018ರಲ್ಲೇ ಅಮೆರಿಕದ ಟಿವಿಯಲ್ಲಿ ಹೇಳಿದ್ದರು. 2025ರ ನವೆಂಬರ್‌ನಲ್ಲಿ ಅಮೆರಿಕ ಮತ್ತು ಸೌದಿ ತಮ್ಮ ನಾಗರಿಕ ಅಣು ಮಾತುಕತೆ ಮುಗಿದಿದೆ ಅನ್ನುವ ಜಂಟಿ ಘೋಷಣೆಗೆ ಸಹಿ ಹಾಕಿದವು. ಇಲ್ಲಿ ನೋಡಬೇಕಾದದ್ದು ಯುಎಇ ಒಪ್ಪಂದದ ಜೊತೆಗಿರುವ ಒಂದು ಸಣ್ಣ ಷರತ್ತು: ಆ ಭಾಗದ ಬೇರೆ ಯಾವುದಾದರೂ ದೇಶಕ್ಕೆ ಅಮೆರಿಕ ಇದಕ್ಕಿಂತ ಸಡಿಲ ಒಪ್ಪಂದ ಕೊಟ್ಟರೆ, ನಮ್ಮದನ್ನೂ ಮತ್ತೆ ಮಾತಾಡಬೇಕು ಅಂತ ಯುಎಇ ಕೇಳಬಹುದು. ಸೌದಿಗೆ ಸಂವರ್ಧನೆಯ ಬಾಗಿಲು ಒಂದಿಷ್ಟು ತೆರೆದರೂ ಮೊದಲು ಬಂದು ಕೂರುವವರು ಅಬುಧಾಬಿಯವರು, ಅವರ ಹಿಂದೆಯೇ ಟೆಹರಾನ್, 'ಅವರಿಗೆ ಆಗುತ್ತದೆ, ನಮಗೆ ಯಾಕಾಗಲ್ಲ' ಅನ್ನುವ ಹಳೆಯ ಪ್ರಶ್ನೆ ಹಿಡಿದುಕೊಂಡು.